ಬೆಣ್ಣೆಗೈ ಬರೆದವ

ನನ್ನ ಆಯಿಯ ಎರಡು ಕೈಗಳು ಒಂದು ಆಲ್ಬಮ್ ಸಾಂಗಿನಲ್ಲಿವೆ. ಮುಖ ಇಲ್ಲ, ಹೆಸರಿಲ್ಲ, ಮೊಣಕೈಯಿಂದ ಮೇಲೆ ಏನೂ ಇಲ್ಲ. ಹೊನ್ನಾವರದ ಮೀನುಪೇಟೆಯಲ್ಲಿ ಮೂವತ್ತು ವರ್ಷ ಕೂತು ಮೀನು ಮಾರಿದ ತಾಯಿಯ ಕೈಗಳು ನಾಲ್ಕೇ ನಾಲ್ಕು ಸೆಕೆಂಡು ಬಂಗಡೆ ಕೊಯ್ದು ಮಾಯವಾಗುತ್ತವೆ. ಆ ನಾಲ್ಕು ಸೆಕೆಂಡು ಹಿಂದಿನಿಂದ ಹಾಡು ಹೀಗೆ ಕೇಳುತ್ತಿರುತ್ತದೆ: 'ಬೆಣ್ಣೆಗೈಯ ಬಾಲೆ, ನಿನ್ನ ಬಂಗಡೆಗೇನು ಬೆಲೆ.'

ಆ ಸಾಲು ಬರೆದವಳು ನಾನು. ಇದು ಆಯಿಗೆ ಗೊತ್ತಾಗಬಾರದು ಎನ್ನುವುದೊಂದೇ ಬರೆದ ಮೇಲೆ ನಾಲ್ಕು ತಿಂಗಳು ನನ್ನ ಜೀವನದ ಗುರಿಯಾಗಿತ್ತು.

ನಾನು ಕುಮಟಾದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೊನ್ನಾವರದಿಂದ ದಿನಾ ಬಸ್ಸು. ಕನ್ನಡದ ಜೊತೆಗೆ 'ಮಾಧ್ಯಮ ಮತ್ತು ಮಹಿಳೆ' ಎಂಬ ವಿಷಯವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ವಿಭಾಗದಲ್ಲಿ ಉಳಿದವರೆಲ್ಲ ಗಂಡಸರು. ಮಹಿಳೆಯ ವಿಷಯ ಮಹಿಳೆಗೇ ಗೊತ್ತು ಎಂದು ಅವರ ತರ್ಕ. ನಾನೂ ಬಿಡುವವಳಲ್ಲ. ಹಾಡಿನ ವಿಡಿಯೋಗಳಲ್ಲಿ ಹುಡುಗಿಗೆ ಯಾಕೆ ಯಾವ ಕೆಲಸವೂ ಇರುವುದಿಲ್ಲ, ಹುಡುಗ ಜಾಕೀಟು ತೊಟ್ಟು ನಿಂತಿರುವಾಗ ಅವಳೊಬ್ಬಳಿಗೇ ಯಾಕೆ ಅಷ್ಟೊಂದು ಸೆಕೆ, ಅವಳು 'ಬೇಡ' ಎಂದರೆ ಅವನ ಕಿವಿಗೆ ಯಾಕೆ 'ಬೇಕು' ಎಂದು ಬೀಳುತ್ತದೆ, ಕ್ಯಾಮೆರಾ ಯಾಕೆ ಯಾವಾಗಲೂ ಅವಳ ಕಾಲಿನಿಂದ ಹೊರಟು ಮುಖ ಮುಟ್ಟುವಷ್ಟರಲ್ಲಿ ಸುಸ್ತಾಗಿಬಿಡುತ್ತದೆ ಎಂದು ವರ್ಷಾ ವರ್ಷಾ ಮೇಜು ಗುದ್ದಿ ಪಾಠ ಮಾಡಿದ್ದೇನೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ನನ್ನದು ಬಂಗಡೆ, ಅಷ್ಟೇ ವ್ಯತ್ಯಾಸ.

ತಪ್ಪೆಲ್ಲ ನನ್ನ ಚಿಕ್ಕಪ್ಪನ ಮಗನದು ಎಂದು ಹೇಳಬಹುದಿತ್ತು. ಅವನು ಭಟ್ಕಳದಲ್ಲಿ ಮದುವೆ ವಿಡಿಯೋ ಮಾಡುವ ಅಂಗಡಿ ಇಟ್ಟಿದ್ದಾನೆ. ಮದುಮಗಳು ಪಾಯಸ ನುಂಗುವುದನ್ನೂ ನಿಧಾನಗತಿಯಲ್ಲಿ ತೋರಿಸುವವನು. ಒಂದು ದಿನ ಮನೆಗೆ ಬಂದು, ತಾನೊಂದು ಆಲ್ಬಮ್ ಸಾಂಗು ಮಾಡುತ್ತಿದ್ದೇನೆ, ಡೈರೆಕ್ಟರು ತಾನೇ, ಹೀರೋ ತಾನೇ, ಮೀನು ಮಾರುವ ಹುಡುಗಿಯ ಮೇಲೆ ಹಾಡು ಬೇಕು, ಬರೆದುಕೊಡು ಎಂದ. ನಾನು ಉಬ್ಬಿದೆ. ಇಷ್ಟು ವರ್ಷ ಬರೆದ ಕವಿತೆಗಳನ್ನು ಓದಿದವರು ಕಾಲೇಜು ವಾರ್ಷಿಕ ಸಂಚಿಕೆಯ ಪ್ರೂಫ್ ತಿದ್ದುವವರು ಮಾತ್ರ.

ಮೊದಲು ನಾನು ಬರೆದದ್ದು ಸರಿಯಾಗಿಯೇ ಇತ್ತು. 'ಉಪ್ಪಿಗೆ ಬಿರಿದ ಕೈ, ಮಂಜುಗಡ್ಡೆಗೆ ಮರಗಟ್ಟಿದ ಬೆರಳು' ಎಂದು ಶುರು. ಅವನು ಓದಿ ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ, ತೀರಿಹೋದವರ ಫೋಟೋ ಇಟ್ಟ ಹಾಗೆ.

"ಅಕ್ಕಾ, ಇದು ಲವ್ ಸಾಂಗು. ಸರ್ಕಾರಿ ಆಸ್ಪತ್ರೆ ಬೋರ್ಡಲ್ಲ. ಕೈ ಬಿರಿದ್ರೆ ಮುಲಾಮು ಹಚ್ಚೂಕೆ ಹೇಳು."

"ಮತ್ತೆಂತ ಬರೀಬೇಕು?"

"ಕೈ ಅಂದ್ರೆ ಮೆತ್ತಗೆ ಇರ್ಬೇಕು. ಸೊಂಟ ಇರ್ಬೇಕು. ನಾ ಬಲೆ ಬೀಸ್ಬೇಕು, ಅವ್ಳು ಬೀಳ್ಬೇಕು. ಆತಲ್ಲ, ಎಂತ ಕಷ್ಟ ಅದೆ ಅದ್ರಲ್ಲಿ?"

ಕಷ್ಟವೇನೂ ಇರಲಿಲ್ಲ, ಅದೇ ನಾಚಿಕೆಗೇಡು. 'ಬ' ಎಂಬ ಅಕ್ಷರ ಸಿಕ್ಕಿತು ನೋಡಿ, ನನ್ನ ಬುದ್ಧಿ ಬಸ್ಸು ಹತ್ತಿ ಹೋಯಿತು. ಬೆಣ್ಣೆ, ಬಾಲೆ, ಬಂಗಡೆ, ಬೆಲೆ, ಬಲೆ. 'ಬಳುಕುವ ನಡುವಿಗೆ ಬೀಸಿದೆನು ಬಲೆ' ಎಂದು ಎರಡನೆಯ ಸಾಲನ್ನೂ ಬರೆದು ಮುಗಿಸಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪ್ರಾಸಕ್ಕಾಗಿ ಮನುಷ್ಯರು ಏನು ಬೇಕಾದರೂ ಮಾಡುತ್ತಾರೆ. ಹೆಸರು ಮಾತ್ರ ಹಾಕಬೇಡ ಎಂದು ತಮ್ಮನ ಹತ್ತಿರ ಆಣೆ ಮಾಡಿಸಿಕೊಂಡೆ. ಹಾಗಾಗಿ ವಿಡಿಯೋದಲ್ಲಿ 'ಸಾಹಿತ್ಯ: ಅಲೆಮಿತ್ರ' ಎಂದಿದೆ. ಆ ಹೆಸರು ಕೇಳಿದರೆ ಜುಬ್ಬಾ ತೊಟ್ಟು ಗಡ್ಡ ಬಿಟ್ಟ ಗಂಡಸೊಬ್ಬ ಕಣ್ಣಿಗೆ ಬರುತ್ತಾನೆ. ನನಗೂ ಹಾಗೇ ಬಂದ, ಸಮಾಧಾನವಾಯಿತು.

ಶೂಟಿಂಗ್ ನಮ್ಮ ಮೀನುಪೇಟೆಯಲ್ಲೇ ಎಂದು ಗೊತ್ತಾದ ದಿನದಿಂದ ಆಯಿಯ ಕಾಲು ನೆಲದ ಮೇಲಿರಲಿಲ್ಲ. ಮೀನು ಮಾರುವವಳ ಮೇಲೆ ಸಾಂಗು ಎಂದಮೇಲೆ ಮೀನು ಮಾರುವ ತಾನು ಅದರಲ್ಲಿ ಇದ್ದೇ ಇರುತ್ತೇನೆ ಎಂದು ಅವಳ ಎಣಿಕೆ. ಎಷ್ಟು ನ್ಯಾಯವಾದ ಎಣಿಕೆ! ನನಗೆ ನೌಕರಿಯಾದಾಗ ತೆಗೆಸಿಕೊಟ್ಟ ನೀಲಿ ರೇಷ್ಮೆ ಸೀರೆ ಉಟ್ಟಳು, ತಲೆಗೆ ಎರಡು ಮೊಳ ಅಬ್ಬಲಿಗೆ ಮುಡಿದಳು, ಆ ವೇಷದಲ್ಲೇ ಮಂಜುಗಡ್ಡೆ ತುಂಬಿದ ಬರಫಿನ ಪೆಟ್ಟಿಗೆ ಎಳೆದುಕೊಂಡು ಹೋಗಿ ತನ್ನ ಜಾಗದಲ್ಲಿ ಕೂತಳು. ಗಿರಾಕಿಗಳು ಯಾರ ಮನೆ ಮದುವೆ ಎಂದು ಕೇಳುತ್ತಿದ್ದರು.

ಹೀರೋಯಿನ್ ಉಡುಪಿ ಕಡೆಯ ಹುಡುಗಿ. ಡ್ಯಾನ್ಸ್ ಕಲಿತವಳು, ಪಾಪದವಳು. ಅವಳಿಗೆ ಮೊಣಕಾಲ ಮೇಲೆ ಕಟ್ಟಿದ ಸೀರೆ, ಬೆನ್ನು ಎಂಬುದೇ ಇಲ್ಲದ ರವಿಕೆ, ಬೆರಳಿಗೆ ಗೋಂದಿನಲ್ಲಿ ಅಂಟಿಸಿದ ಗುಲಾಬಿ ಉಗುರು, ಕೈ ತುಂಬ ಮಿಂಚಿನ ಬಳೆ. ಬುಟ್ಟಿಯನ್ನು ಸೊಂಟಕ್ಕೆ ಇಡಿಸಿದ ನನ್ನ ತಮ್ಮ.

"ತಂಗೀ, ಅದು ಕೊಡಪಾನ ಅಲ್ಲ, ತಲೆ ಮೇಲೆ ಇಟ್ಕ," ಎಂದಳು ಆಯಿ.

"ದೊಡ್ಡಾಯಿ, ತಲೆ ಮೇಲೆ ಇಟ್ರೆ ಕೂದ್ಲು ಹಾರೂದಿಲ್ಲ. ಸೊಂಟಕ್ಕೆ ಇಟ್ರೇ ಚಂದ, ಸೊಂಟ ಬಳುಕ್ತದೆ."

"ಸೊಂಟಕ್ಕೆ ಇಟ್ರೆ ಮೀನಿನ ನೀರು ಸೀರೆಗೆ ಇಳೀತದೆ ಮಾರಾಯಾ."

ಇಳಿಯಿತು. ಹುಡುಗಿ ಬಳುಕುತ್ತ ಹತ್ತು ಹೆಜ್ಜೆ ಹಾಕುವುದರೊಳಗೆ ಪೇಟೆಯ ಮೂರು ಬೆಕ್ಕುಗಳು ಅವಳ ಹಿಂದೆ ಸಾಲುಗಟ್ಟಿದವು. ಓಡಿಸಿದರೂ ಹೋಗಲಿಲ್ಲ. ಈಗಲೂ ವಿಡಿಯೋ ನೋಡಿದರೆ, ಆ ಹುಡುಗಿಯನ್ನು ಮನಸಾರೆ ಪ್ರೀತಿಸುತ್ತಿರುವವು ಬೆಕ್ಕುಗಳೇ, ಹೀರೋ ಅಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ.

ಆಮೇಲೆ ನೀರಿನ ಪೈಪು ಬಂತು. ಎಲ್ಲಿಯೂ ಮಳೆ ಇಲ್ಲ, ತಲೆ ಸುಡುವ ಬಿಸಿಲು. ಪೇಟೆ ತೊಳೆಯುವ ಪೈಪು ಹಿಡಿದು ಆ ಹುಡುಗಿಯ ಮೇಲೆ ನೀರು ಬಿಟ್ಟರು. ಒಮ್ಮೆ ಅಲ್ಲ, ಆರು ಸಲ. ಕ್ಯಾಮೆರಾದವನಿಗೆ ಬೆಳಕು ಸರಿ ಬೀಳಲಿಲ್ಲವಂತೆ. ಹುಡುಗಿ ನಡುಗುತ್ತಲೇ ನಗುತ್ತಿದ್ದಳು, ನಗು ಅಂತ ಹೇಳಿದ್ದರಲ್ಲ. ಆಯಿ ಎದ್ದು ಹೋಗಿ ತನ್ನ ಟವೆಲನ್ನು ಅವಳ ಹೆಗಲ ಮೇಲೆ ಹೊದಿಸಿ ತಮ್ಮನಿಗೆ ತಿರುಗಿದಳು.

"ಮೀನು ಒದ್ದೆ ಇರ್ತದೆ, ಮಾರೂವಳು ಒಣಗಿ ಇರ್ತಾಳೆ. ಅಷ್ಟೂ ಗೊತ್ತಿಲ್ವನಾ ನಿಂಗೆ? ನೀ ಯಾಕೆ ನೆನೀಲಿಲ್ಲ?"

"ಹೀರೋ ನೆನೆದ್ರೆ ಯಾರು ನೋಡ್ತಾರೆ ದೊಡ್ಡಾಯಿ?"

"ನೀ ಒಣಗಿದ್ರೂ ಯಾರು ನೋಡ್ತಾರೆ?"

ನಾನು ಕಂಬದ ಮರೆಯಲ್ಲಿ ನಿಂತು ಖುಷಿಪಟ್ಟೆ. ಒಳಗಿನಿಂದ ಅಲೆಮಿತ್ರ ನನ್ನನ್ನು ತಿವಿಯುತ್ತಿದ್ದ. 'ಬಳುಕುವ ನಡು' ಎಂದು ನೀನು ಬರೆದದ್ದಕ್ಕೇ ಅಲ್ಲವೇ ಆ ಹುಡುಗಿ ಒದ್ದೆಯಾಗಿ ಬಳುಕುತ್ತಿರುವುದು ಎಂದ.

ಮೀನು ಕೊಯ್ಯುವ ಶಾಟ್ ಬಂದಾಗ ತೊಂದರೆಯಾಯಿತು. ಹುಡುಗಿ ಮೆಟ್ಟುಗತ್ತಿಯ ಮುಂದೆ ಕೂತು, ಅದರ ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿಯುವ ಬದಲು ಎರಡೂ ಕೈಯಲ್ಲಿ ಹಿಡಿದಳು. ಬಂಗಡೆ ಮುಟ್ಟಿದ ಕೂಡಲೇ ಒಂದು ಗುಲಾಬಿ ಉಗುರು ಕಿತ್ತು ಮೀನಿನ ಬಾಯಿಗೆ ಬಿತ್ತು. ಆಗಲೇ ತಮ್ಮನಿಗೆ ಆಯಿ ನೆನಪಾದದ್ದು. "ದೊಡ್ಡಾಯಿ, ನಿನ್ ಕೈ ಬೇಕು. ಕೈ ಸಾಕು." ಆಯಿ ಸೆರಗು ಸರಿಮಾಡಿಕೊಂಡು, ಅಬ್ಬಲಿಗೆ ಮುಂದೆ ಕಾಣುವ ಹಾಗೆ ಎಳೆದುಕೊಂಡು ಕೂತಳು. ಕ್ಯಾಮೆರಾದವನು ಬಗ್ಗಿ ಬಗ್ಗಿ ಅವಳ ಮೊಣಕೈಯ ಕೆಳಗೆ ಬಂದು ನಿಂತ. ಅವಳಿಗೆ ಆಗ ತಿಳಿಯಿತು. "ಮುಖ ಬರೂದಿಲ್ವಾ?" ಎಂದು ಒಮ್ಮೆ ಕೇಳಿದಳು. "ಮುಖ ಅವ್ರದ್ದು," ಎಂದ ತಮ್ಮ ಹೀರೋಯಿನ್ ಕಡೆ ತೋರಿಸಿ. ಆಯಿ ಅಬ್ಬಲಿಗೆಯನ್ನು ಮತ್ತೆ ಹಿಂದಕ್ಕೆ ಎಳೆದುಕೊಂಡಳು. ನಾನು ಕಂಬದ ಮರೆ ಬಿಟ್ಟು ಬರಲಿಲ್ಲ.

ಇಬ್ಬರೂ ಒಬ್ಬಳೇ ಎಂದು ಕಾಣಬೇಕಲ್ಲ, ಅದಕ್ಕೆ ಹೀರೋಯಿನಿನ ಬಳೆ ಆಯಿಗೆ ತೊಡಿಸಬೇಕಾಯಿತು. ಆಯಿಯ ಗೆಣ್ಣುಗಳ ಮೇಲೆ ಆ ಬಳೆ ದಾಟಲೊಲ್ಲದು. ಸಾಬೂನು ಹಚ್ಚಿ, ಕೊಬ್ಬರಿ ಎಣ್ಣೆ ಹಚ್ಚಿ, ಪಕ್ಕದ ಸಿಗಡಿ ಮಾರುವ ಹೆಂಗಸು ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ ನೂಕಿ ಅಂತೂ ಏರಿಸಿದರು. ಏರಿದ್ದು ಇಳಿಯಲಿಲ್ಲ. ಒಂದು ವಾರ ಆಯಿ ಮಿಂಚಿನ ಬಳೆ ತೊಟ್ಟೇ ತಾರ್ಲೆ ಮೀನು ಮಾರಿದಳು.

ಆಯಿ ಕೊಯ್ದಳು. ಬೆರಳು ಓಡಿದ್ದು ಯಾರಿಗೂ ಕಾಣಲಿಲ್ಲ, ಮೀನು ಮಾತ್ರ ಎರಡಾಗಿ ಬಿದ್ದಿತ್ತು. ಕ್ಯಾಮೆರಾದವನು ಇನ್ನೊಮ್ಮೆ, ನಿಧಾನ ಎಂದ. ನಿಧಾನ ಮಾಡಿದರೆ ಕೈ ಹೋಗುತ್ತದೆ ಎಂದು ಅವಳು ವೇಗವಾಗಿಯೇ ಕೊಯ್ದಳು.

ಕೊನೆಯ ಶಾಟಿನಲ್ಲಿ ಹೀರೋ ಕಪ್ಪು ಕನ್ನಡಕ ಹಾಕಿ, ಹೀರೋಯಿನ್ ಕಡೆ ಕಣ್ಣು ಹೊಡೆದು, "ಫ್ರೆಶ್ ಇದ್ಯಾ?" ಎಂದು ಕೇಳಬೇಕು. ಮೀನಿನ ಬಗ್ಗೆ ಕೇಳಿದ ಹಾಗೆ ಹುಡುಗಿಯ ಬಗ್ಗೆ ಕೇಳುವುದು. ಇದು ನಾನು ಬರೆದದ್ದಲ್ಲ, ದೇವರಾಣೆ, ಅವನದೇ ಸಂಶೋಧನೆ. ಅವನು ಹಾಗೆ ಕೇಳಿದ್ದೇ ಆಯಿ ಎದ್ದಳು. ಮೀನಿನ ಕೈಯಲ್ಲೇ ಅವನ ಕಿವಿ ಹಿಡಿದು ಎತ್ತಿ ಒಳಗೆ ನೋಡಿದಳು, ಬಂಗಡೆ ಹೊಸತೋ ಹಳತೋ ಎಂದು ಕಿವಿರು ಎತ್ತಿ ನೋಡುವ ಹಾಗೆಯೇ. ಕನ್ನಡಕ ಜಾರಿಸಿ ಕಣ್ಣು ನೋಡಿದಳು. ಹೊಟ್ಟೆಯನ್ನು ಬೆರಳಿನಿಂದ ಒತ್ತಿದಳು. ಆಮೇಲೆ ಇಡೀ ಪೇಟೆಗೆ ಕೇಳುವ ಹಾಗೆ ಕೂಗಿದಳು.

"ಕಿವಿ ಬೆಳ್ಳಗೆ ಆಗ್ಯದೆ! ಕಣ್ಣು ಒಳಗೆ ಹೋಗ್ಯದೆ! ಹೊಟ್ಟೆ ಮೆತ್ತಗೆ! ಮೂರು ದಿನದ್ ಮಾಲು, ಬರಫಲ್ಲಿ ಇಟ್ಟದ್ದು. ಯಾರಿಗೆ ಬೇಕೇ?"

"ನಮ್ಗೆ ಬ್ಯಾಡ," ಎಂದು ಹೆಂಗಸರೆಲ್ಲ ಒಕ್ಕೊರಲಿನಿಂದ ಕೂಗಿದರು. ಹೀರೋಯಿನ್ ಅಂದು ಮೊದಲ ಸಲ ನಿಜವಾಗಿ ನಕ್ಕಳು. ಬಾಳೆಹಣ್ಣಿನ ಗಾಡಿಯವನು ಮೊಬೈಲಿನಲ್ಲಿ ಹಿಡಿದ ಆ ತುಣುಕು ಹಾಡಿಗಿಂತ ಮೊದಲೇ ಭಟ್ಕಳದಿಂದ ಕುಮಟಾದವರೆಗೆ ಎಲ್ಲರ ಫೋನಿಗೆ ಮುಟ್ಟಿತು. ತಮ್ಮ ಎರಡು ವಾರ ಹೊನ್ನಾವರದ ಕಡೆ ತಲೆ ಹಾಕಲಿಲ್ಲ.

ಹಾಡು ಬಂತು. ಎಡಿಟಿಂಗ್ ಮಾಡಿದವನು ಲಯ ನೋಡಿದನೇ ಹೊರತು ಅರ್ಥ ನೋಡಲಿಲ್ಲ, 'ಬೆಣ್ಣೆಗೈಯ ಬಾಲೆ' ಎನ್ನುವಾಗ ಸರಿಯಾಗಿ ಆಯಿಯ ಕೈಗಳನ್ನು ಹಾಕಿದ. ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗೆರೆ, ಉಪ್ಪು ಕುಡಿದು ಸೀಳಿದ ಅಂಗೈ, ಮೇಲೆ ಮಿಂಚಿನ ಬಳೆ. ಪೇಟೆಯಲ್ಲಿ ಬಿದ್ದು ಬಿದ್ದು ನಕ್ಕರು. ಆಯಿಯ ಹೆಸರೇ 'ಬೆಣ್ಣೆಗೈ' ಎಂದಾಯಿತು. "ಬೆಣ್ಣೆಗೈ, ಇವತ್ತು ಎಂತ ಅದೆ?" ಎಂದು ಗಿರಾಕಿಗಳೂ ಕೇಳತೊಡಗಿದರು. ಮೊದಮೊದಲು ಆಯಿಗೆ ಹೆಮ್ಮೆಯೇ. ಇಸವಾಣ ಮೀನಿನ ತುಂಡಿನ ಜೊತೆ ವಿಡಿಯೋ ಕೂಡ ತೋರಿಸಿ, "ಈ ಕೈ ನಂದು," ಎನ್ನುತ್ತಿದ್ದಳು. ನಾಲ್ಕು ಸೆಕೆಂಡು ಮುಗಿದ ಕೂಡಲೇ ನಿಲ್ಲಿಸಿ ಫೋನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

ಆದರೆ ದಿನಾ ಕೇಳುತ್ತ ಕೇಳುತ್ತ ಅವಳಿಗೆ ಬರೆದವನ ಮೇಲೆ ಸಿಟ್ಟು ಬಂತು. ಊಟಕ್ಕೆ ಕೂತಾಗ ನನಗೆ ಮೀನು ಬಡಿಸುತ್ತ ಶುರುಮಾಡುತ್ತಿದ್ದಳು.

"ಬೆಣ್ಣೆ ಕೈಯಲ್ಲಿ ಬಂಗಡೆ ನಿಲ್ತದ್ಯಾ? ಜಾರಿ ಹೋಗ್ತದೆ. ಮತ್ತೆ ಸೊಂಟಕ್ಕೆ ಬಲೆ ಬೀಸೂದಂತೆ! ಬಲೆ ನೀರಿಗೆ ಬೀಸೂದು. ಅಲೆಗೆ ಮಿತ್ರ ಅಂತೆ, ಮೀನಿಗೆ ಶತ್ರು. ಆ ಬರ್ದವ ಸಿಕ್ಲಿ ನಂಗೆ ಒಂದ್ಸಲ."

"ಸಿಕ್ರೆ ಎಂತ ಮಾಡ್ತೆ?"

"ಕಿವಿ ಎತ್ತಿ ನೋಡ್ತೆ."

ನಾನು ಅನ್ನಕ್ಕೆ ಸಾರು ಕಲಸಿಕೊಂಡು ನನ್ನ ಕಿವಿಯ ಮೇಲೆ ಕೂದಲು ಎಳೆದುಕೊಳ್ಳುತ್ತಿದ್ದೆ. ಎಲ್ಲರೂ 'ಬರೆದವ' ಎನ್ನುವವರೇ. ಇಂಥದನ್ನು ಹೆಂಗಸು ಬರೆದಾಳು ಎಂದು ಯಾರಿಗೂ ಹೊಳೆಯಲಿಲ್ಲ. ಅದೊಂದೇ ನನಗೆ ಕೊಡೆ.

ಕೊಡೆ ಹಾರಿದ್ದು ಕ್ಲಾಸಿನಲ್ಲಿ. ಒಂದು ಶನಿವಾರ 'ಮಾಧ್ಯಮ ಮತ್ತು ಮಹಿಳೆ' ಸೆಮಿನಾರು. ಬೇಕಾದ ಹಾಡಿನ ವಿಡಿಯೋ ಆರಿಸಿಕೊಳ್ಳಿ, ಬಿಡಿಸಿ ನೋಡಿ ಎಂದು ನಾನೇ ಹೇಳಿದ್ದೆ. ಶಿರಾಲಿಯಿಂದ ಬರುವ ಒಬ್ಬ ಹುಡುಗಿ, ಯಾವಾಗಲೂ ಮೊದಲ ಬೆಂಚು, ಎದ್ದು ಬಂದು ಬೋರ್ಡಿನ ಮೇಲೆ ದಪ್ಪಗೆ ಬರೆದಳು: ಬೆಣ್ಣೆಗೈಯ ಬಾಲೆ. ನನ್ನ ಕೈಯಲ್ಲಿದ್ದ ಚಾಕ್ ಮುರಿಯಿತು.

"ಮಿಸ್, ಇದರಲ್ಲಿ ಹುಡುಗಿಯ ಮುಖಕ್ಕಿಂತ ಸೊಂಟ ಜಾಸ್ತಿ ಹೊತ್ತು ಇದೆ. ಅವಳಿಗೆ ಒಂದೂ ಮಾತಿಲ್ಲ. ಬೆಕ್ಕು ಮಾತ್ರ ಒಂದು ಸಲ ಮ್ಯಾವ್ ಅಂತದೆ." ಕ್ಲಾಸು ನಕ್ಕಿತು. ನಾನೂ ನಕ್ಕೆ, ಸ್ವಲ್ಪ ಜೋರಾಗಿ. "ಮತ್ತೆ ಹಾಡು ಬರೆದವ ಮೀನುಪೇಟೆಯ ಮುಖ ನೋಡಿದವನಲ್ಲ. ಹೆಂಗಸನ್ನೂ ಮೀನನ್ನೂ ಬೇರೆ ಬೇರೆ ಮಾಡೂಕೆ ಬರದ ಗಂಡಸು."

"ಗಂಡಸೇ ಅಂತ ಹೇಗೆ ಹೇಳ್ತೀ? ಹೆಂಗಸೂ ಇರಬಹುದು," ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ಹುಡುಗಿ ಸ್ವಲ್ಪ ಯೋಚಿಸಿದಳು. "ಹೆಂಗಸಾದ್ರೆ ಇನ್ನೂ ಕೆಟ್ಟದು ಮಿಸ್." ಆಮೇಲೆ ವಿಡಿಯೋ ನಿಲ್ಲಿಸಿ ಆ ನಾಲ್ಕು ಸೆಕೆಂಡು ತೋರಿಸಿದಳು. ಪರದೆಯ ತುಂಬ ನನ್ನ ಆಯಿಯ ಕೈ. "ಈ ಕೈ ಹೀರೋಯಿನ್ನಿದ್ದಲ್ಲ. ನಮ್ಮ ಅಜ್ಜಿ ಕೈ ಹೀಗೇ ಅದೆ. ಇಡೀ ಹಾಡಿನಲ್ಲಿ ಕೆಲಸ ಮಾಡಿದ್ದು ಈ ಎರಡು ಕೈ ಮಾತ್ರ ಮಿಸ್. ಅವ್ರ ಮುಖ ಯಾಕೆ ತೋರಿಸ್ಲಿಲ್ಲ?"

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನಗೆ ಬೇಕಾಯಿತು, ಶಿರಾಲಿಯ ಹುಡುಗಿ ಹಿಡಿದು ನಿಂತಳು. ಹತ್ತಕ್ಕೆ ಹತ್ತು ಕೊಟ್ಟು ಕ್ಲಾಸು ಬೇಗ ಬಿಟ್ಟೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು ಹೊನ್ನಾವರದವರೆಗೂ ಅತ್ತೆ. ಪಕ್ಕದವಳು ಬಸ್ಸಿನಲ್ಲಿ ವಾಂತಿ ಬರುತ್ತದೆಯೇ ಎಂದು ಕೇಳಿ ಲಿಂಬೆಹಣ್ಣು ಕೊಟ್ಟಳು.

ಮನೆಗೆ ಬಂದಾಗ ಆಯಿ ಅಂಗಳದ ಮೂಲೆಯಲ್ಲಿ ಮೆಟ್ಟುಗತ್ತಿ ಹಾಕಿ ಮನೆಗೆ ಉಳಿಸಿಕೊಂಡ ಬಂಗಡೆ ಕೊಯ್ಯುತ್ತಿದ್ದಳು. ಚಪ್ಪಲಿ ಕೂಡ ಬಿಡದೆ ಎದುರಿಗೆ ಹೋಗಿ ನಿಂತೆ.

"ಆಯಿ, ಅದನ್ನ ಬರ್ದವ ಬೇರೆ ಯಾರೂ ಅಲ್ಲ. ನಾನೇ."

"ಎಂತದು?"

"ಬೆಣ್ಣೆಗೈ. ಅಲೆಮಿತ್ರ ಅಂದ್ರೆ ನಾನು."

ಆಯಿ ಕೈಯಲ್ಲಿದ್ದ ಮೀನನ್ನು ಬೋಗುಣಿಗೆ ಹಾಕಿದಳು. ಕಿವಿಗೆ ಬರುತ್ತಾಳೆ ಎಂದು ನಾನು ತಲೆ ತಗ್ಗಿಸಿದೆ. ಅವಳು ಕಿವಿ ಮುಟ್ಟಲಿಲ್ಲ. ನನ್ನ ಕೈ ಹಿಡಿದೆಳೆದು ಕೂರಿಸಿ, ಅಂಗೈ ಮೇಲೆ ಮಾಡಿ, ತನ್ನ ಒದ್ದೆ ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಅವಳ ಬೆರಳು ತೆಂಗಿನ ಸಿಪ್ಪೆಯ ಹಾಗೆ ತರಚುತ್ತಿತ್ತು.

"ಹಂಗಾದ್ರೆ ಸರಿ ಅದೆ," ಎಂದಳು. "ಬೆಣ್ಣೆಗೈ ಅಂದ್ರೆ ಇದು. ಸಣ್ಣಕಿದ್ದಾಗ ಕತ್ತಿ ಮುಟ್ಟೂಕೆ ಬಂದ್ರೆ ನಾ ಬಡೀತಿದ್ದೆ, ನೆನಪದ್ಯಾ? ಕೈ ಪೆನ್ನು ಹಿಡೀಲಿ ಅಂತ. ನೀ ನಿನ್ ಕೈ ನೋಡ್ಕಂಡು ಬರ್ದೆ ಮಗಾ. ನನ್ ಕೈ ನೋಡ್ಲಿಲ್ಲ."

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ನಾನು ಅಳುವುದು ನೋಡಿ ಆಯಿಗೆ ಬೇಸರ ಬಂತು. ಕೊಯ್ದ ಮೀನಿಗೆ ಉಪ್ಪು ಹಾಕಿ ಆಗಿದೆ, ಕಣ್ಣೀರಿನದು ಮತ್ತೆ ಬೇಡ ಎಂದಳು. "ಏಳು, ಕೊಯ್ಯಿ ಒಂದು," ಎಂದು ಮಣೆ ಬಿಟ್ಟುಕೊಟ್ಟಳು. ನಲವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮೆಟ್ಟುಗತ್ತಿಯ ಮುಂದೆ ಕೂತೆ. ಬಂಗಡೆ ಹಿಡಿದೆ. ಅದು ನನ್ನ ಕೈಯಿಂದ ಜಾರಿ, ಅಂಗಳದಲ್ಲಿ ಒಂದು ಸುತ್ತು ಹೊಡೆದು, ತುಳಸಿಕಟ್ಟೆಯ ಬುಡಕ್ಕೆ ಹೋಗಿ ಮಲಗಿತು.

"ನಾ ಹೇಳ್ಲಿಲ್ವಾ ಜಾರ್ತದೆ ಅಂತ!" ಆಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಎದ್ದು ಹೋಗುವಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಅದನ್ನು ಕಚ್ಚಿಕೊಂಡು ಬೇಲಿ ದಾಟಿತ್ತು.

ಮರುದಿನ ಭಾನುವಾರ, ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಆಯಿಗೆ ಚಹಾ ತೆಗೆದುಕೊಂಡು ಹೋಗಿದ್ದೆ. ಯಾರೋ ಗಿರಾಕಿ, "ಬೆಣ್ಣೆಗೈ, ಆ ಹಾಡು ಬರ್ದವ ಯಾರೇ?" ಎಂದು ತಮಾಷೆ ಮಾಡಿದರು. ನನ್ನ ಕಾಲು ಅಲ್ಲೇ ನಿಂತಿತು. ಆಯಿ ತಲೆ ಎತ್ತದೆ, ಕತ್ತಿ ನಿಲ್ಲಿಸದೆ, ಉಳಿದ ತಾಯಂದಿರು ಮಗಳಿಗೆ ರ‍್ಯಾಂಕು ಬಂತು ಎಂದು ಹೇಳುತ್ತಾರಲ್ಲ, ಅದೇ ದನಿಯಲ್ಲಿ ಹೇಳಿದಳು.

"ಬರ್ದವ ಅಲ್ಲ, ಬರ್ದವಳು. ನನ್ ಮಗಳು. ಅವ್ಳಿಗೆ ಮೀನು ಕೊಯ್ಯೂಕೆ ಬರೂದಿಲ್ಲ."